ಹಿಂಡಿ ಫೀಡಿಗೆ ಬದಲಾದ ಮೇಲೆ ಸೀಗಡಿ ಬೆಳೆಯುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವ ಕ್ರಮ

"ಹಿಂಡಿ ಫೀಡ್ ಹಾಕಿದ ಮ್ಯಾಲ ಸೀಗಡಿ ಬೆಳೀವಲ್ವು ರೀ. ಯಾವ ಪೌಡರ್ ಹಾಕ್ಬೇಕು ಹೇಳ್ರಿ."

ಶಹಾಪುರ, ಸುರಪುರ, ಜೇವರ್ಗಿ ಕಡೆ ಸವಳು ಬಿದ್ದ ಹೊಲದಲ್ಲಿ ಹೊಂಡ ತೋಡಿ ವನ್ನಾಮಿ ಸೀಗಡಿ ಬಿಟ್ಟವರು ಫೋನ್ ಮಾಡಿದರೆ ಮಾತು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ಪೌಡರ್ ಹೆಸರು ಹೇಳುವುದು ಸುಲಭ. ಆದರೆ ಅದು ಈ ಬರಹದ ಕೊನೆಗೆ ಬರುತ್ತದೆ, ಯಾಕಂದರೆ ತಪ್ಪು ಫೀಡಿನದ್ದೇ ಅಂತ ಇನ್ನೂ ಗೊತ್ತಾಗಿಲ್ಲ. ಸವಳು ನೀರಿನ ಹೊಂಡದಲ್ಲಿ ನೀರಿನ ದೋಷವೂ ಫೀಡಿನ ದೋಷವೂ ಹೊರಗಿಂದ ಒಂದೇ ಥರ ಕಾಣುತ್ತವೆ. ಬೆಳವಣಿಗೆ ನಿಲ್ಲುತ್ತದೆ, ಚಿಪ್ಪು ಮೆತ್ತಗಾಗುತ್ತದೆ, ಪೊರೆ ಬಿಡುವಾಗ ಸಾಯುತ್ತವೆ. ಬೈಗುಳ ಮಾತ್ರ ಯಾವಾಗಲೂ ಹಿಂಡಿಗೆ.

ಸಸ್ಯಮೂಲದ ಫೀಡ್ ಸೀಗಡಿಗೆ ಒಗ್ಗದ ವಸ್ತುವಲ್ಲ. ವನ್ನಾಮಿ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2009ರಲ್ಲಿ. ಟೈಗರ್ ಸೀಗಡಿಗಿಂತ ಕಡಿಮೆ ಪ್ರೋಟೀನಿನಲ್ಲಿ, ಅಂದರೆ ಸುಮಾರು 32ರಿಂದ 36 ಪ್ರತಿಶತದಲ್ಲಿ, ಅದು ಚೆನ್ನಾಗಿ ಬೆಳೆಯುತ್ತದೆ. ಗಿಡ, ಪಾಚಿ, ಹುಳ ಎಲ್ಲವನ್ನೂ ತಿನ್ನುತ್ತದೆ. ದೊಡ್ಡ ಕಂಪನಿಗಳ ಫೀಡ್ ಚೀಲದಲ್ಲೂ ದೊಡ್ಡ ಪಾಲು ಸೋಯಾ ಹಿಂಡಿಯೇ. ಮೀನಿನ ಪುಡಿಯ ಬೆಲೆ ಏರಿದಂತೆ ಆ ಪಾಲು ಜಾಸ್ತಿಯಾಗುತ್ತಲೇ ಬಂದಿದೆ. ತೊಂದರೆ ಬರುವುದು ಮೀನಿನ ಪುಡಿಯನ್ನು ತೆಗೆದು ಅದರ ತೂಕದಷ್ಟು ಹಿಂಡಿ ಹಾಕಿ ಸುಮ್ಮನಾದಾಗ. ಮೀನಿನ ಪುಡಿ ಪ್ರೋಟೀನ್ ಒಂದನ್ನೇ ತರುತ್ತಿರಲಿಲ್ಲ. ಮೆಥಿಯೊನಿನ್, ಲೈಸಿನ್, ಟೌರಿನ್ ಅನ್ನುವ ಅಮೈನೋ ಆಮ್ಲಗಳು, ಕೊಲೆಸ್ಟರಾಲ್, ಮೀನೆಣ್ಣೆಯ ಒಮೆಗಾ-3, ಜೀರ್ಣವಾಗುವ ರಂಜಕ, ಇವೆಲ್ಲದರ ಜೊತೆಗೆ ಸೀಗಡಿಯನ್ನು ಫೀಡಿನ ಟ್ರೇಗೆ ಎಳೆಯುವ ವಾಸನೆಯನ್ನೂ ತರುತ್ತಿತ್ತು. ತೆಗೆದದ್ದನ್ನೆಲ್ಲ ಲೆಕ್ಕ ಹಾಕಿ ವಾಪಸ್ ಕೊಡಬೇಕು. ಇವುಗಳಲ್ಲಿ ನಿಮ್ಮ ಹೊಂಡದಲ್ಲಿ ಯಾವುದು ಕಡಿಮೆ ಬಿದ್ದಿದೆ ಅನ್ನುವುದೇ ಪ್ರಶ್ನೆ.

ಮೊದಲು ತಾರೀಕು

ವಾರಕ್ಕೊಮ್ಮೆ ಬೀಸುಬಲೆ ಹಾಕಿ ನೂರು ಸೀಗಡಿ ತೂಗಿ ಬರೆದಿಟ್ಟ ಪುಸ್ತಕ ಇದೆಯಾ? ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಫೀಡ್ ಬದಲಿಸಿದ ದಿನಕ್ಕೆ ಒಂದು ಗೆರೆ ಎಳೆಯಿರಿ. ತೂಕ ಏರುವುದು ಆ ಗೆರೆಗಿಂತ ಮುಂಚೆಯೇ ನಿಧಾನವಾಗಿದ್ದರೆ ಹೊಸ ಫೀಡಿನ ತಪ್ಪಿಲ್ಲ. ಗೆರೆ ದಾಟಿದ ಮರುದಿನವೇ ಟ್ರೇಯಲ್ಲಿ ಫೀಡ್ ಉಳಿಯಲು ಶುರುವಾದರೆ ಅದು ರುಚಿಯ ಸಮಸ್ಯೆ. ಎರಡು ಮೂರು ವಾರ ಚೆನ್ನಾಗಿ ತಿಂದು ಆಮೇಲೆ ತೂಕ ನಿಂತರೆ ಅದು ಪೋಷಕಾಂಶದ ಕೊರತೆ. ಮೈಯಲ್ಲಿ ಇದ್ದ ದಾಸ್ತಾನು ಖಾಲಿಯಾಗಲು ಅಷ್ಟು ದಿನ ಬೇಕು.

ತಿಂಗಳನ್ನೂ ನೋಡಿ. ಡಿಸೆಂಬರ್, ಜನವರಿಯಲ್ಲಿ ಬೀದರ್ ಕಡೆ ರಾತ್ರಿ ಚಳಿ ಎಷ್ಟಿರುತ್ತದೆ ಅಂತ ಹೇಳಬೇಕಿಲ್ಲ. ವನ್ನಾಮಿಗೆ 28ರಿಂದ 32 ಡಿಗ್ರಿ ನೀರು ಹಿತ. 24ಕ್ಕೆ ಇಳಿದರೆ ತಿನ್ನುವುದೇ ಕಡಿಮೆ ಮಾಡುತ್ತದೆ. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಆಳ ಇಲ್ಲದ ಹೊಂಡದ ನೀರು ಮಧ್ಯಾಹ್ನ 34 ದಾಟುತ್ತದೆ. ಆಗ ಹಾಕಿದ ಫೀಡ್ ತಳಕ್ಕೆ ಹೋಗಿ ಕೊಳೆಯುತ್ತದೆ. ಅಂಥ ತಿಂಗಳಲ್ಲಿ ಫೀಡ್ ಬದಲಿಸಿ ಫಲಿತಾಂಶ ನೋಡುವುದೇ ತಪ್ಪು ಲೆಕ್ಕ.

ನೀರು, ಅದರಲ್ಲೂ ಪೊಟ್ಯಾಷ್

ಬೆಳಗಿನ ಜಾವ ನಾಲ್ಕು, ಐದು ಗಂಟೆಗೆ ಆಮ್ಲಜನಕ ಅಳೆಯಿರಿ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿದ್ದರೆ ಯಾವ ಫೀಡ್ ಹಾಕಿದರೂ ಸರಿಯಾಗಿ ಬೆಳೆಯುವುದಿಲ್ಲ. ರಾತ್ರಿ ಕರೆಂಟ್ ಹೋಗಿ ಏರೇಟರ್ ನಿಂತಿತ್ತಾ ಅಂತ ಕಾವಲಿನ ಹುಡುಗನನ್ನು ಕೇಳಿ. ಪಿಎಚ್ 7.5ರಿಂದ 8.5ರ ಒಳಗಿರಲಿ, ಬೆಳಿಗ್ಗೆ ಸಂಜೆಗೆ ಅರ್ಧಕ್ಕಿಂತ ಜಾಸ್ತಿ ಏರಿಳಿಯಬಾರದು. ಕ್ಷಾರತೆ ಲೀಟರಿಗೆ 100 ಮಿಲಿಗ್ರಾಂಗಿಂತ ಮೇಲಿರಲಿ. ಅಮೋನಿಯಾ, ನೈಟ್ರೈಟ್ ಎರಡೂ ನೋಡಿ. ಉಪ್ಪು ಕಡಿಮೆ ಇರುವ ನೀರಿನಲ್ಲಿ ನೈಟ್ರೈಟ್ ಹೆಚ್ಚು ಕಾಡುತ್ತದೆ. ಸರಿಯಾಗಿ ಜೀರ್ಣವಾಗದ ಹಿಂಡಿ ಫೀಡ್ ಆದರೆ ಹಿಕ್ಕೆ ಜಾಸ್ತಿ, ತಳದ ಕೆಸರು ಜಾಸ್ತಿ. ಅಲ್ಲಿಂದ ಅಮೋನಿಯಾ ಏರುತ್ತದೆ. ಹಾಗಾಗಿ ನೀರು ಕೆಟ್ಟಿರುವುದಕ್ಕೂ ಫೀಡೇ ಮೂಲ ಆಗಿರಬಹುದು. ಆದರೂ ಮೊದಲು ನೀರನ್ನು ಸರಿಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಇದನ್ನೆಲ್ಲ ಬಹಳ ಜನ ನೋಡುತ್ತಾರೆ. ನೋಡದೆ ಬಿಡುವುದು ಪೊಟ್ಯಾಷಿಯಂ.

ಸಮುದ್ರದ ನೀರಿನಲ್ಲಿ ಸೋಡಿಯಂ, ಪೊಟ್ಯಾಷಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಒಂದು ನಿಗದಿತ ಪ್ರಮಾಣದಲ್ಲಿ ಇರುತ್ತವೆ. ನಮ್ಮ ಬೋರ್ ನೀರಿನ ಉಪ್ಪು ಸಮುದ್ರದ್ದಲ್ಲ, ಮಣ್ಣಿನದ್ದು. ಅದರಲ್ಲಿ ಸೋಡಿಯಂ ಇರುತ್ತದೆ, ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತದೆ, ಪೊಟ್ಯಾಷಿಯಂ ಮಾತ್ರ ಚೂರೇ ಚೂರು. ಉಪ್ಪಿನ ಮೀಟರ್ ಇದನ್ನು ಹೇಳುವುದಿಲ್ಲ. ಅದು 5 ಪಿಪಿಟಿ (ಲೀಟರಿಗೆ ಸುಮಾರು 5 ಗ್ರಾಂ ಉಪ್ಪು) ಅಂತ ತೋರಿಸುತ್ತದೆ, ನಾವು ನಿಶ್ಚಿಂತೆಯಾಗಿ ಮರಿ ಬಿಡುತ್ತೇವೆ. ಹರಿಯಾಣದ ಲಾಹ್ಲಿಯಲ್ಲಿರುವ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯ ಕೇಂದ್ರದಲ್ಲಿ ಒಳನಾಡಿನ ಸವಳು ನೀರಿಗೆ ಪೊಟ್ಯಾಷ್ ಸೇರಿಸಿ ಸೀಗಡಿ ಬೆಳೆಸುವ ಕೆಲಸ ನಡೆದದ್ದು ಇದೇ ಕಾರಣಕ್ಕೆ.

ಲಕ್ಷಣ ಹೀಗಿರುತ್ತದೆ. ಬಲೆ ಎತ್ತಿದ ಕೂಡಲೇ ಕೆಲವು ಸೀಗಡಿಗಳು ಬಾಲ ಮಡಚಿಕೊಳ್ಳುತ್ತವೆ. ಮಡಚಿದ್ದು ಬಿಚ್ಚುವುದೇ ಇಲ್ಲ. ಮೈ ಮಾಂಸ ಹಾಲಿನಂತೆ ಬಿಳಿಚುತ್ತದೆ. ಚಿಪ್ಪು ಮೆತ್ತಗಿರುತ್ತದೆ. ನೀರಿಗೆ ವಾಪಸ್ ಬಿಟ್ಟರೂ ಹಲವು ಸಾಯುತ್ತವೆ. ಇದನ್ನು ನೋಡಿದರೆ ಫೀಡ್ ಚೀಲ ಬದಿಗಿಟ್ಟು ನೀರಿನ ಬಾಟಲಿಯನ್ನು ಲ್ಯಾಬಿಗೆ ಒಯ್ಯಿರಿ. ಮಣ್ಣು ಪರೀಕ್ಷೆಯ ಲ್ಯಾಬುಗಳಲ್ಲಿ ಪೊಟ್ಯಾಷ್ ಅಳೆಯುವ ಫ್ಲೇಮ್ ಫೋಟೋಮೀಟರ್ ಇರುತ್ತದೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ದಾರಿ ಸಿಗುತ್ತದೆ.

ಲೆಕ್ಕ ಸರಳ. ಹೊಂಡದ ಉಪ್ಪಿನ ಅಂಶವನ್ನು (ಪಿಪಿಟಿ ಅಂಕಿಯನ್ನು) 10.7ರಿಂದ ಗುಣಿಸಿ. ಬರುವುದು ಆ ಉಪ್ಪಿಗೆ ತಕ್ಕ ಸಮುದ್ರದ ಪ್ರಮಾಣದ ಪೊಟ್ಯಾಷಿಯಂ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಮೆಗ್ನೀಷಿಯಂಗೆ 39ರಿಂದ ಗುಣಿಸಿ. 5 ಪಿಪಿಟಿ ನೀರಿಗೆ ಪೊಟ್ಯಾಷಿಯಂ ಸುಮಾರು 54, ಮೆಗ್ನೀಷಿಯಂ ಸುಮಾರು 195. ಒಂದು ಎಕರೆ ಹೊಂಡ, ಒಂದು ಮೀಟರ್ ನೀರು ಅಂದರೆ ಸುಮಾರು 40 ಲಕ್ಷ ಲೀಟರ್. ಅದರಲ್ಲಿ ಪೊಟ್ಯಾಷಿಯಂ 1 ಮಿಲಿಗ್ರಾಂ ಏರಿಸಲು ಗೊಬ್ಬರದ ಅಂಗಡಿಯ ಮ್ಯುರಿಯೇಟ್ ಆಫ್ ಪೊಟ್ಯಾಷ್ ಸುಮಾರು 8 ಕೆಜಿ ಬೇಕು. ಅದರಲ್ಲಿ ಅರ್ಧದಷ್ಟು ಮಾತ್ರ ಪೊಟ್ಯಾಷಿಯಂ. ಲ್ಯಾಬಿನ ಚೀಟಿ 14 ಅಂತ ಹೇಳಿದರೆ 40 ಏರಿಸಬೇಕು, ಅಂದರೆ 320 ಕೆಜಿ. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಒಂದೇ ದಿನ ಸುರಿಯಬೇಡಿ. ನೀರಿನಲ್ಲಿ ಕರಗಿಸಿ, ಏರೇಟರ್ ಮುಂದೆ ಹಲವು ದಿನಗಳಲ್ಲಿ ಹಂಚಿ ಹಾಕಿ. ಪೂರ್ತಿ 54ಕ್ಕೆ ಮುಟ್ಟಲೇಬೇಕು ಅಂತಿಲ್ಲ. ಆದರೆ ಅರ್ಧಕ್ಕಿಂತ ಕೆಳಗಿದ್ದರೆ ಬೇರೆ ಯಾವುದಕ್ಕೂ ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಸರಿಮಾಡಿ.

ಎರೆಮಣ್ಣಿನವರಿಗೆ ಇನ್ನೊಂದು ಮಾತು. ಎರೆಯ ಜೇಡಿ ಪೊಟ್ಯಾಷನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವತ್ತು ಹಾಕಿದ್ದು ಕೆಲವು ವಾರದಲ್ಲಿ ನೀರಿನಿಂದ ಮಾಯವಾಗಬಹುದು. ಒಮ್ಮೆ ಹಾಕಿ ಮರೆಯುವಂತಿಲ್ಲ, ಮತ್ತೆ ಅಳೆಯಬೇಕು. ಫೀಡಿಗೆ ಪೊಟ್ಯಾಷ್ ಬೆರೆಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ನೀರಿನ ಕೊರತೆಯನ್ನು ಫೀಡ್ ಪೂರ್ತಿ ತುಂಬಿಕೊಡುವುದಿಲ್ಲ.

ಟ್ರೇಯಲ್ಲಿ ಏನು ಉಳಿದಿದೆ?

ನೀರು ಸರಿಯಿದೆ ಅಂತಾದರೆ ಚೆಕ್ ಟ್ರೇಗೆ, ಅಂದರೆ ಸೀಗಡಿ ಎಷ್ಟು ತಿಂದಿದೆ ಅಂತ ನೋಡಲು ಫೀಡ್ ಹಾಕಿ ಇಳಿಸುವ ಟ್ರೇಗೆ ಬನ್ನಿ. ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಎರಡು ಟ್ರೇ ಇಳಿಸಿ. ಒಂದಕ್ಕೆ ಹಳೆಯ ಫೀಡ್, ಇನ್ನೊಂದಕ್ಕೆ ಹೊಸದು, ಎರಡಕ್ಕೂ ಒಂದೇ ತೂಕ. ಎರಡು ಗಂಟೆ ಬಿಟ್ಟು ಎತ್ತಿ. ಎರಡರಲ್ಲೂ ಉಳಿದಿದ್ದರೆ ಸೀಗಡಿಗೆ ಹಸಿವೇ ಇಲ್ಲ. ಮತ್ತೆ ನೀರಿಗೆ, ಇಲ್ಲವೇ ರೋಗಕ್ಕೆ ಹೋಗಿ. ಹೊಸದರಲ್ಲಿ ಮಾತ್ರ ಉಳಿದಿದ್ದರೆ ರುಚಿ, ವಾಸನೆಯ ಕೊರತೆ. ಸೀಗಡಿ ಕಣ್ಣಿಗಿಂತ ವಾಸನೆ ನಂಬಿ ಫೀಡ್ ಹುಡುಕುತ್ತದೆ. ಹಿಂಡಿಗೆ ಆ ವಾಸನೆ ಇಲ್ಲ. ಸ್ಕ್ವಿಡ್ ಪುಡಿ, ಕ್ರಿಲ್ ಪುಡಿ, ಮೀನಿನ ದ್ರವಸಾರ ಇವುಗಳಲ್ಲಿ ಯಾವುದಾದರೂ ನೂರಕ್ಕೆ ಒಂದೆರಡು ಪಾಲು ಸೇರಿಸಿದರೆ ಬಹಳ ಸಲ ಅಷ್ಟಕ್ಕೇ ಟ್ರೇ ಖಾಲಿಯಾಗುತ್ತದೆ. ಬೀಟೈನ್ ಕೂಡ ಇದೇ ಕೆಲಸಕ್ಕೆ. ಅದಕ್ಕೂ ಮುಂಚೆ ಚೀಲದೊಳಗೆ ಮೂಗಿಟ್ಟು ನೋಡಿ. ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಫೀಡಿನ ಎಣ್ಣೆ ಕಮಟು ಹಿಡಿದಿರುತ್ತದೆ. ಅದಕ್ಕೆ ಕ್ರಿಲ್ ಹಾಕಿದರೂ ಪ್ರಯೋಜನವಿಲ್ಲ.

ಇನ್ನು ಟ್ರೇ ಖಾಲಿ, ಆದರೆ ತೂಕ ಇಲ್ಲ. ಇದು ಮೋಸದ ಲಕ್ಷಣ. ಖಾಲಿ ಟ್ರೇ ಅಂದರೆ ತಿಂದವು ಅಂತಲೇ ಅರ್ಥವಲ್ಲ, ಕರಗಿಯೂ ಹೋಗಿರಬಹುದು. ಗಾಜಿನ ಲೋಟದಲ್ಲಿ ಹೊಂಡದ ನೀರು ತುಂಬಿ ಹತ್ತು ಕಾಳು (ಪೆಲೆಟ್) ಫೀಡ್ ಹಾಕಿ ಇಡಿ. ಆಗಾಗ ಮೆಲ್ಲಗೆ ಅಲುಗಿಸಿ. ಎರಡು ಗಂಟೆಯ ನಂತರ ಕಾಳು ಮೆತ್ತಗಾಗಿರಬೇಕು, ಆದರೆ ಆಕಾರ ಉಳಿದಿರಬೇಕು. ಅರ್ಧ ಗಂಟೆಗೇ ಹಿಟ್ಟಾಗಿ ತಳ ಕಂಡರೆ ನೀವು ದುಡ್ಡನ್ನು ನೀರಿಗೆ ಹಾಕುತ್ತಿದ್ದೀರಿ. ಮೀನು ನುಂಗುತ್ತದೆ. ಸೀಗಡಿ ಹಾಗಲ್ಲ, ಕಾಳನ್ನು ಕಾಲಲ್ಲಿ ಹಿಡಿದು ಕಚ್ಚಿ ಕಚ್ಚಿ ತಿನ್ನುತ್ತದೆ. ತಿನ್ನುವಷ್ಟು ಹೊತ್ತು ಕಾಳು ಗಟ್ಟಿಯಿರಬೇಕು. ಕಾರಣ ಸಾಮಾನ್ಯವಾಗಿ ಎರಡೇ. ಹಿಂಡಿಯನ್ನು ನುಣ್ಣಗೆ ಬೀಸಿಲ್ಲ, ಅಥವಾ ಅಂಟು ಸಾಲದು. ತೊಗರಿ ಹೊಟ್ಟಿನ ಚೂರು ಒಂದು ಕಾಳಿನಲ್ಲಿ ಇದ್ದರೆ ಸಾಕು, ನೀರು ಅಲ್ಲಿಂದಲೇ ಒಳಗೆ ಹೋಗಿ ಕಾಳು ಸೀಳುತ್ತದೆ. ಗೋಧಿ ಹಿಟ್ಟು ಆವಿಯಲ್ಲಿ ಬೆಂದು ಅಂಟಾದರೆ ಸರಿ, ಸುಮ್ನೆ ಒಣ ಹಿಟ್ಟು ಕಲಸಿದರೆ ಹಿಡಿಯುವುದಿಲ್ಲ. ಗೋಧಿ ಗ್ಲುಟನ್, ಗೋರಿಕಾಯಿ ಬೀಜದ ಗೌರ್ ಗಮ್ ಕೂಡ ಅಂಟಿಗೆ ಬರುತ್ತವೆ.

ಲೋಟದ ಪರೀಕ್ಷೆ ಪಾಸಾದರೂ ಟ್ರೇ ಖಾಲಿ, ತೂಕ ಇಲ್ಲ ಅಂದರೆ ಹೊಂಡದಲ್ಲಿ ಬೇರೆ ಯಾರೋ ಊಟ ಮಾಡುತ್ತಿರಬಹುದು. ಕಾಲುವೆ ನೀರನ್ನು ಜಾಳಿಗೆ ಬಟ್ಟೆ ಕಟ್ಟದೆ ಒಳಗೆ ಬಿಟ್ಟ ಹೊಂಡದಲ್ಲಿ ಜಿಲೇಬಿ ಮೀನು ಸೇರಿಕೊಂಡಿರುವುದು ಹೊಸತೇನಲ್ಲ. ಬಲೆ ಎಳೆದು ನೋಡಿ.

ಕೈಯಲ್ಲಿ ಹಿಡಿದು ನೋಡಿ

ಫೀಡ್ ಹಾಕಿ ಒಂದು ಗಂಟೆಯಾದ ಮೇಲೆ ನಾಲ್ಕೈದು ಸೀಗಡಿ ಎತ್ತಿ ಬೆಳಕಿಗೆ ಹಿಡಿಯಿರಿ. ಬೆನ್ನ ಮೇಲೆ ತಲೆಯಿಂದ ಬಾಲದವರೆಗೆ ಹೋಗುವ ದಾರ ಕಾಣುತ್ತದಲ್ಲ, ಅದೇ ಕರುಳು. ತಿಳಿ ಕಂದು ಬಣ್ಣದಲ್ಲಿ ಒಂದೇ ಸಮ ತುಂಬಿದ್ದರೆ ನಿಮ್ಮ ಫೀಡನ್ನೇ ತಿಂದಿದೆ. ಕಪ್ಪಗಿದ್ದರೆ ತಳದ ಕೆಸರು ತಿಂದಿದೆ, ಅಂದರೆ ಫೀಡ್ ಸಿಕ್ಕಿಲ್ಲ ಇಲ್ಲವೇ ಇಷ್ಟವಾಗಿಲ್ಲ. ಹಸಿರಿದ್ದರೆ ಪಾಚಿ. ಕೆಂಪಗಿದ್ದರೆ ಸತ್ತ ಜೊತೆಗಾರರನ್ನು ತಿಂದಿದೆ, ಕೂಡಲೇ ತಳ ನೋಡಿ, ಸಾವು ಆಗುತ್ತಿದೆ. ಬಿಳಿ ಇದ್ದು ನೀರಿನ ಮೇಲೆ ಬಿಳಿ ದಾರದಂಥ ಹಿಕ್ಕೆ ತೇಲುತ್ತಿದ್ದರೆ ಈ ಕೈಪಿಡಿ ಮುಚ್ಚಿಟ್ಟು ಪಿಸಿಆರ್ ಪರೀಕ್ಷೆಗೆ ಕಳಿಸಿ. ಇಎಚ್‌ಪಿ ಅನ್ನುವ ಸೂಕ್ಷ್ಮ ಪರಾವಲಂಬಿ ಇರಬಹುದು. ಅದನ್ನು ಪೂರ್ತಿ ವಾಸಿಮಾಡುವ ಔಷಧಿ ಇದೆ ಅಂತ ಯಾರಾದರೂ ಡಬ್ಬಿ ತೋರಿಸಿದರೆ ಕಣ್ಣುಮುಚ್ಚಿ ನಂಬಬೇಡಿ.

ಇಎಚ್‌ಪಿಗೂ ಫೀಡ್ ಕೊರತೆಗೂ ಗೊಂದಲ ಆಗುವುದೇ ಜಾಸ್ತಿ. ಒಂದು ಗುರುತು ನೆನಪಿಡಿ. ಬಲೆಯಲ್ಲಿ ಬಂದ ಸೀಗಡಿ ಎಲ್ಲವೂ ಒಂದೇ ಸಮ ಸಣ್ಣಗಿದ್ದರೆ ಅನುಮಾನ ಫೀಡಿನ ಮೇಲೆ. ಕೆಲವು 15 ಗ್ರಾಂ, ಕೆಲವು 5 ಗ್ರಾಂ ಅಂತ ಚೆಲ್ಲಾಪಿಲ್ಲಿ ಇದ್ದರೆ ಅನುಮಾನ ರೋಗದ ಮೇಲೆ, ಇಲ್ಲವೇ ಫೀಡನ್ನು ಒಂದೇ ಮೂಲೆಯಲ್ಲಿ ಎರಚುವ ಅಭ್ಯಾಸದ ಮೇಲೆ. ಇದು ಗಟ್ಟಿ ತೀರ್ಪಲ್ಲ, ಆದರೆ ಯಾವ ಕಡೆ ಮೊದಲು ಹೋಗಬೇಕು ಅಂತ ತೋರಿಸುತ್ತದೆ.

ತಲೆಯೊಳಗಿನ ಲಿವರ್ ಕೂಡ ನೋಡಿ, ಆಂಧ್ರದ ಕಡೆಯವರು ಎಚ್‌ಪಿ ಅನ್ನುತ್ತಾರಲ್ಲ, ಅದು. ಕಂದು ಬಣ್ಣದಲ್ಲಿ ತುಂಬಿಕೊಂಡಿರಬೇಕು. ಬಿಳಿಚಿ ಕುಗ್ಗಿದ್ದರೆ ರೋಗವೂ ಇರಬಹುದು, ಬೂಸ್ಟು ಹಿಡಿದ ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ಅನ್ನುವ ವಿಷ ಕೂಡ ಇರಬಹುದು.

ಅನುಮಾನ ಫೀಡಿನ ಮೇಲೇ ಬಂದರೆ

ಜೇವರ್ಗಿ ಹತ್ತಿರದ ಒಬ್ಬ ರೈತರು ಫೀಡನ್ನು ತಾವೇ ಮಾಡುತ್ತಿದ್ದರು. ಬೀದರ್ ಕಡೆಯಿಂದ ಸೋಯಾ ಕಾಳು ತರಿಸಿ, ಊರಿನ ಗಿರಣಿಯಲ್ಲಿ ಬೀಸಿ, ಶೇಂಗಾ ಹಿಂಡಿ, ಗೋಧಿ ಹಿಟ್ಟು ಸೇರಿಸಿ ಕಾಳು ಒತ್ತುತ್ತಿದ್ದರು. ಪ್ರೋಟೀನ್ ಪರೀಕ್ಷೆಯ ಚೀಟಿಯಲ್ಲಿ 35 ಇತ್ತು. ನೀರು ಚೆನ್ನಾಗಿತ್ತು. ಕಾಳು ಗಟ್ಟಿ, ಟ್ರೇ ಖಾಲಿ, ಕರುಳು ಕಂದು. ತೂಕ ಮಾತ್ರ ನಿಂತ ನೀರು.

ಎರಡು ಸ್ಟೀಲ್ ಲೋಟ ತರಿಸಿದೆವು. ಒಂದಕ್ಕೆ ಅವರ ಸೋಯಾ ಹಿಟ್ಟು ಒಂದು ಚಮಚ, ಇನ್ನೊಂದಕ್ಕೆ ಎಣ್ಣೆ ತೆಗೆದ ಕಾರ್ಖಾನೆಯ ಸೋಯಾ ಹಿಂಡಿ ಪುಡಿ ಒಂದು ಚಮಚ. ಎರಡಕ್ಕೂ ಒಂದೊಂದು ಚಿಟಿಕೆ ಯೂರಿಯಾ, ಉಗುರುಬೆಚ್ಚಗಿನ ನೀರು. ಕಲಸಿ ಮೇಲೆ ತಟ್ಟೆ ಮುಚ್ಚಿದೆವು. ಚಹಾ ಕುಡಿದು ಇಪ್ಪತ್ತು ನಿಮಿಷದ ಮೇಲೆ ತಟ್ಟೆ ತೆಗೆದರೆ ಮೊದಲ ಲೋಟದಿಂದ ಮೂಗಿಗೆ ಹೊಡೆಯುವ ಗಂಜಲದ ನಾತ. ಎರಡನೆಯದರಲ್ಲಿ ಬರೀ ಹಿಟ್ಟಿನ ವಾಸನೆ. "ಇಷ್ಟು ದಿನ ಇದನ್ನೇ ತಿನ್ಸೀನೇನ್ರಿ?" ಅಂದರು.

ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಅನ್ನುವ ಜೀರ್ಣದ ಕಿಣ್ವವನ್ನು ತಡೆಯುವ ಒಂದು ಪದಾರ್ಥ ಇದೆ. ಟ್ರಿಪ್ಸಿನ್ ಇಲ್ಲದೆ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಸೀಗಡಿ ತಿನ್ನುತ್ತದೆ, ಕರುಳು ತುಂಬುತ್ತದೆ, ಮೈಗೆ ಮಾತ್ರ ಹತ್ತುವುದಿಲ್ಲ. ಬಿಸಿ ಮಾಡಿದರೆ ಆ ಪದಾರ್ಥ ಹಾಳಾಗುತ್ತದೆ. ಅದೇ ಬಿಸಿಗೆ ಯೂರಿಯೇಸ್ ಅನ್ನುವ ಕಿಣ್ವವೂ ಹಾಳಾಗುತ್ತದೆ. ಯೂರಿಯೇಸ್ ಉಳಿದಿದ್ದರೆ ಯೂರಿಯಾ ಒಡೆದು ಅಮೋನಿಯಾ ವಾಸನೆ ಬರುತ್ತದೆ. ವಾಸನೆ ಬಂದರೆ ಸೋಯಾ ಬೆಂದಿಲ್ಲ. ಒರಟು ಪರೀಕ್ಷೆ, ನಿಜ. ಆದರೆ ಕಟ್ಟೆ ಮೇಲೆ ಮಾಡಬಹುದಾದದ್ದು ಇದೇ. ಇದರ ಉಲ್ಟಾ ತಪ್ಪೂ ಇದೆ. ಸೋಯಾವನ್ನು ಕಂದು ಕೆಂಪಾಗುವಷ್ಟು ಹುರಿದರೆ ಲೈಸಿನ್ ಕೆಟ್ಟುಹೋಗುತ್ತದೆ, ವಾಸನೆ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಬಣ್ಣ ನೋಡಿಯೇ ಹೇಳಬೇಕು. ಮನೆಯಲ್ಲಿ ಹುರಿಯುವ ಸಾಹಸಕ್ಕಿಂತ ಎಣ್ಣೆ ತೆಗೆದು ಹದವಾಗಿ ಬೇಯಿಸಿದ ಹಿಂಡಿ ಕೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಆ 35 ಪ್ರತಿಶತದ ಚೀಟಿಯ ಬಗ್ಗೆಯೂ ಒಂದು ಮಾತು. ಲ್ಯಾಬ್ ಅಳೆಯುವುದು ಸಾರಜನಕ. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೆಯುತ್ತಾರೆ. ಯೂರಿಯಾ ಬೆರೆಸಿದರೂ ಆ ಅಂಕಿ ಏರುತ್ತದೆ. ಅದರಲ್ಲಿ ಯಾವ ಅಮೈನೋ ಆಮ್ಲ ಎಷ್ಟಿದೆ, ಎಷ್ಟು ಜೀರ್ಣವಾಗುತ್ತದೆ ಅನ್ನುವುದು ಚೀಟಿಯಲ್ಲಿ ಇರುವುದಿಲ್ಲ.

ನಮ್ಮ ಕಡೆ ಸಿಗುವ ಹಿಂಡಿಗಳದ್ದು ಒಂದೊಂದಕ್ಕೆ ಒಂದೊಂದು ಗುಣ. ಯಾದಗಿರಿ ಕಡೆ ಹತ್ತಿಕಾಳು ಹಿಂಡಿ ಅಗ್ಗ, ಆದರೆ ಅದರ ಗಾಸಿಪಾಲ್ ವಿಷ. ಲೈಸಿನ್ನನ್ನೂ ಕಟ್ಟಿಹಾಕುತ್ತದೆ. ಶೇಂಗಾ ಹಿಂಡಿ ಸೀಗಡಿಗೆ ರುಚಿ, ಪ್ರೋಟೀನೂ ಇದೆ, ಆದರೆ ಲೈಸಿನ್, ಮೆಥಿಯೊನಿನ್ ಎರಡೂ ಕಡಿಮೆ, ಮಳೆಗಾಲದಲ್ಲಿ ಬೂಸ್ಟಿನ ಭಯ. ಸಿಪ್ಪೆ ಸಮೇತ ಗಾಣಕ್ಕೆ ಹಾಕಿದ ಕುಸುಬೆ ಹಿಂಡಿಯಲ್ಲಿ ನಾರು ಜಾಸ್ತಿ. ಮೆಕ್ಕೆಜೋಳದ ಗ್ಲುಟನ್ನಿನಲ್ಲಿ ಮೆಥಿಯೊನಿನ್ ಚೆನ್ನಾಗಿದೆ, ಲೈಸಿನ್ ಇಲ್ಲ. ಹಾಗಾಗಿ ಸೋಯಾ ಜೊತೆ ಅದು ಹೊಂದುತ್ತದೆ. ತೊಗರಿ ಚುನ್ನಿಯನ್ನು ದಾಲ್ ಮಿಲ್ಲಿನವರು ಕಡಿಮೆ ದುಡ್ಡಿಗೆ ಕೊಡುತ್ತಾರೆ ಅಂತ ಸೀಗಡಿಗೆ ಹಾಕುವವರಿದ್ದಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಬಂದಿತು, ನಮಗೆಲ್ಲ ಹೆಮ್ಮೆ. ಆದರೆ ಆ ಹೆಮ್ಮೆ ಬೇಳೆಗೆ ಇರಲಿ. ಚುನ್ನಿಯಲ್ಲಿ ಹೊಟ್ಟೇ ಜಾಸ್ತಿ, ಎಮ್ಮೆಗೆ ಹಾಕಿ.

ಯಾವ ಕೊರತೆ ಹೇಗೆ ಕಾಣುತ್ತದೆ?

ಸೋಯಾ ಬೆಂದಿದೆ, ಬೂಸ್ಟಿಲ್ಲ, ಕಾಳು ಗಟ್ಟಿ, ಎಲ್ಲ ಸೀಗಡಿ ಒಂದೇ ಸಮ ನಿಧಾನ. ಆಗ ಮೊದಲ ಅನುಮಾನ ಮೆಥಿಯೊನಿನ್. ಬೇಳೆ ಜಾತಿಯ ಕಾಳುಗಳಲ್ಲೆಲ್ಲ ಅದು ಕಡಿಮೆ. ಅಂಗಡಿಯಲ್ಲಿ ಕೋಳಿ ಫೀಡಿಗೆ ಸಿಗುವ ಮೆಥಿಯೊನಿನ್ ಪುಡಿ ತಂದು ಫೀಡಿನ ಮೇಲೆ ಎರಚಿ ಹಾಕುತ್ತಾರೆ. ಅದು ನೀರಿನಲ್ಲಿ ಕರಗುವ ಪುಡಿ. ಸೀಗಡಿ ಕಚ್ಚಿ ತಿನ್ನುವಷ್ಟರಲ್ಲಿ ಬಹುಪಾಲು ಹೊಂಡಕ್ಕೆ ಹೋಗಿರುತ್ತದೆ. ಕೋಳಿಗೆ ಸರಿ, ಅದು ಒಣ ತಟ್ಟೆಯಿಂದ ತಿನ್ನುತ್ತದೆ. ಸೀಗಡಿಗೆ ಕಾಳು ಒತ್ತುವ ಮುಂಚೆಯೇ ಹಿಟ್ಟಿನೊಳಗೆ ಬೆರೆಸಬೇಕು, ಬೇಗ ಕರಗದ ಲೇಪನದ ರೂಪ ಸಿಕ್ಕರೆ ಇನ್ನೂ ಒಳ್ಳೆಯದು.

ಚಿಪ್ಪು ಮೆತ್ತಗಿದ್ದರೆ? ಪೊರೆ ಬಿಟ್ಟ ದಿನ ಎಲ್ಲ ಸೀಗಡಿಯೂ ಮೆತ್ತಗೇ ಇರುತ್ತದೆ. ಒಂದೆರಡು ದಿನ ಕಳೆದರೂ ಬೆರಳಿಗೆ ಒತ್ತಿದರೆ ತಗ್ಗು ಬೀಳುವುದು ದೋಷ. ನೀರಿನ ಪೊಟ್ಯಾಷ್, ಮೆಗ್ನೀಷಿಯಂ, ಕ್ಷಾರತೆ ಸರಿಯಿದ್ದರೆ ರಂಜಕ ನೋಡಿ. ಹಿಂಡಿಗಳಲ್ಲಿ ರಂಜಕ ಬೇಕಾದಷ್ಟಿದೆ, ಆದರೆ ಬಹುಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕಿಕೊಂಡಿದೆ. ಸೀಗಡಿಗೆ ಅದನ್ನು ಬಿಡಿಸಲು ಬರುವುದಿಲ್ಲ. ಫೈಟೇಟ್ ಸತುವನ್ನೂ ಹಿಡಿದುಕೊಳ್ಳುತ್ತದೆ. ಪರಿಹಾರ ಎರಡು. ಒಂದು, ಫೈಟೇಸ್ ಕಿಣ್ವ. ಇದನ್ನು ಬಿಸಿ ಕಾಳು ಯಂತ್ರದೊಳಗೆ ಹಾಕಿದರೆ ಬಿಸಿಗೆ ಸತ್ತುಹೋಗುತ್ತದೆ. ಕಾಳು ಆರಿದ ಮೇಲೆ ದ್ರವ ರೂಪದಲ್ಲಿ ಸಿಂಪಡಿಸಿ, ಮೇಲೆ ಎಣ್ಣೆ ಸವರಬೇಕು. ಎರಡು, ರಂಜಕದ ಉಪ್ಪು. ಪಶು ಅಂಗಡಿಯಲ್ಲಿ ಕೇಳಿದರೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಕೈಗೆ ಕೊಡುತ್ತಾರೆ. ಸೀಗಡಿಯ ಹೊಟ್ಟೆಯಲ್ಲಿ ನಮ್ಮ ಹಾಗೆ ಹುಳಿ ಇಲ್ಲ, ಅದು ಸರಿಯಾಗಿ ಕರಗುವುದಿಲ್ಲ. ಮೊನೊಕ್ಯಾಲ್ಸಿಯಂ ಅಥವಾ ಮೊನೊಸೋಡಿಯಂ ಫಾಸ್ಫೇಟ್ ಕೇಳಿ ತನ್ನಿ.

ಪೊರೆ ಬಿಡುವಾಗಲೇ ಸಾಯುತ್ತಿದ್ದರೆ, ಅರ್ಧ ಪೊರೆ ಮೈಮೇಲೆ ಉಳಿದಿದ್ದರೆ, ಕೊಲೆಸ್ಟರಾಲ್ ಕಡೆ ನೋಡಿ. ನಮಗೆ ಡಾಕ್ಟರ್ ಬೇಡ ಅನ್ನುವ ಅದೇ ಕೊಲೆಸ್ಟರಾಲ್. ಸೀಗಡಿ ಅದನ್ನು ಮೈಯಲ್ಲಿ ತಯಾರಿಸಲಾರದು, ಪೊರೆ ಬಿಡಿಸುವ ಹಾರ್ಮೋನು ಅದರಿಂದಲೇ ಆಗಬೇಕು, ಗಿಡಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೀನಿನ ಪುಡಿ ಪೂರ್ತಿ ಬಿಟ್ಟ ಫೀಡಿಗೆ ನೂರಕ್ಕೆ 0.1ರಿಂದ 0.15 ಪಾಲು ಕೊಲೆಸ್ಟರಾಲ್ ಬೇಕಾಗುತ್ತದೆ. ದುಬಾರಿ ವಸ್ತು. ಸೋಯಾ ಲೆಸಿಥಿನ್ ಒಂದೆರಡು ಪಾಲು ಹಾಕಿದರೆ ಕೊಲೆಸ್ಟರಾಲ್ ಕಡಿಮೆ ಸಾಕಾಗುತ್ತದೆ, ಹಾಗಾಗಿ ಎರಡನ್ನೂ ಜೊತೆಗೆ ಲೆಕ್ಕ ಹಾಕಿ. ಕುಸುಬೆ, ಸೋಯಾ ಎಣ್ಣೆಗಳಲ್ಲಿ ಮೀನೆಣ್ಣೆಯ ಒಮೆಗಾ-3ಗಳಾದ ಇಪಿಎ, ಡಿಎಚ್‌ಎ ಇಲ್ಲ. ಮೀನಿನ ಪುಡಿ ಬಿಟ್ಟರೂ ಒಂದೆರಡು ಪಾಲು ಮೀನೆಣ್ಣೆ ಬಿಡಬೇಡಿ. ಪೂರ್ತಿ ಸಸ್ಯವೇ ಆಗಬೇಕು ಅನ್ನುವವರಿಗೆ ಪಾಚಿ ಎಣ್ಣೆ ಇದೆ, ಬೆಲೆ ಕೇಳಿ ನಿರ್ಧಾರ ಮಾಡಿ.

ಬೇಯಿಸಿದಾಗ ಬಣ್ಣ ಪೇಲವ ಅಂತ ವ್ಯಾಪಾರಿ ಬೆಲೆ ಇಳಿಸಿದರೆ ಕೆಂಪು ಬಣ್ಣ ಕೊಡುವ ಅಸ್ಟಾಕ್ಸಾಂಥಿನ್ ಕೊರತೆ. ಹಿಡಿಯುವ ಒಂದು ತಿಂಗಳು ಮುಂಚೆ ಕೊಟ್ಟರೆ ಸಾಕು.

ಇನ್ನು ಅಂಗಡಿಯ ಡಬ್ಬಿಗಳು

ಗಟ್ ಪ್ರೋಬಯಾಟಿಕ್, ಸಾವಯವ ಆಮ್ಲ, ಯೀಸ್ಟ್ ಬೀಟಾ ಗ್ಲುಕಾನ್, ಲಿವರ್ ಟಾನಿಕ್, ಬೆಳ್ಳುಳ್ಳಿ ಸಾರ. ಇವುಗಳಲ್ಲಿ ಕೆಲವಕ್ಕೆ ಜಾಗವಿದೆ. ಪ್ರೋಟಿಯೇಸ್ ಕಿಣ್ವ ಹಿಂಡಿ ಜೀರ್ಣಕ್ಕೆ ಸಹಾಯ ಮಾಡುತ್ತದೆ. ಬ್ಯಾಸಿಲಸ್ ಜಾತಿಯ ಪ್ರೋಬಯಾಟಿಕ್ ಚೆನ್ನಾಗಿರುವ ಹೊಂಡದಲ್ಲಿ ಕರುಳಿಗೆ ಒಳ್ಳೆಯದು. ಆದರೆ ಇವು ಯಾವುವೂ ಮೆಥಿಯೊನಿನ್ ಇಲ್ಲದ ಫೀಡಿಗೆ ಮೆಥಿಯೊನಿನ್ ತರುವುದಿಲ್ಲ, ಬೇಯದ ಸೋಯಾವನ್ನು ಬೇಯಿಸುವುದಿಲ್ಲ. ಪ್ರೋಬಯಾಟಿಕ್ ಪುಡಿಯನ್ನು ಕುದಿಯುವ ಬೆಲ್ಲದ ನೀರಿಗೆ ಹಾಕಿ ಕಲಸುವುದನ್ನು ನೋಡಿದ್ದೇನೆ. ಡಬ್ಬಿಯಲ್ಲಿ ಇದ್ದ ಜೀವ ಅಲ್ಲೇ ಮುಗಿಯಿತು. ಬೆಲ್ಲದ ನೀರು ಆರಲಿ.

ಡಬ್ಬಿಯ ಮೇಲೆ ಪದಾರ್ಥದ ಪಟ್ಟಿ ಇಲ್ಲದಿದ್ದರೆ ಮುಟ್ಟಬೇಡಿ. ಒಳಗೆ ಆಂಟಿಬಯಾಟಿಕ್ ಇರಬಹುದು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಜಾತಿಯವು ಸೀಗಡಿ ಸಾಕಣೆಯಲ್ಲಿ ನಿಷೇಧ. ಮಾಲಿನಲ್ಲಿ ಚೂರು ಸಿಕ್ಕರೂ ರಫ್ತು ಮಾಡುವವರು ತಿರಸ್ಕರಿಸುತ್ತಾರೆ. ಒಮ್ಮೆಗೆ ನಾಲ್ಕು ಡಬ್ಬಿ ಶುರುಮಾಡುವುದೂ ಬೇಡ. ಸರಿಹೋದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಮುಂದಿನ ಬೆಳೆಗೂ ನಾಲ್ಕನ್ನೂ ಕೊಳ್ಳುತ್ತೀರಿ.

ಇಷ್ಟಾದರೂ ಗೊತ್ತಾಗದಿದ್ದರೆ

ಅದೇ ಹೊಂಡದಲ್ಲಿ ಎರಡು ಹಾಪಾ ಬಲೆ, ಅಂದರೆ ನೀರಿನಲ್ಲಿ ಇಳಿಬಿಡುವ ಚೀಲದಂಥ ಬಲೆ ಕಟ್ಟಿ. ಎರಡಕ್ಕೂ ಒಂದೇ ಗಾತ್ರದ, ತೂಗಿದ, ಎಣಿಸಿದ ಸೀಗಡಿ. ಒಂದಕ್ಕೆ ನಿಮ್ಮ ಫೀಡ್, ಇನ್ನೊಂದಕ್ಕೆ ಒಳ್ಳೆಯ ಕಂಪನಿ ಫೀಡ್. ನಾಲ್ಕು ವಾರ. ಎರಡರಲ್ಲೂ ಬೆಳೆಯದಿದ್ದರೆ ನೀರು ಅಥವಾ ಮರಿ. ಕಂಪನಿಯದ್ದರಲ್ಲಿ ಮಾತ್ರ ಬೆಳೆದರೆ ನಿಮ್ಮ ಮಿಶ್ರಣ. ನೀರು ಒಂದೇ ಆದ್ದರಿಂದ ವಾದಕ್ಕೆ ಜಾಗವಿಲ್ಲ. ಹಾಪಾ ಬಲೆಗೆ ಪಾಚಿ ಕಟ್ಟಿ ನೀರು ಓಡಾಡುವುದು ನಿಲ್ಲದಂತೆ ವಾರಕ್ಕೊಮ್ಮೆ ಉಜ್ಜಿ.

ಲ್ಯಾಬಿಗೆ ಕಳಿಸುವಾಗ ಇಎಚ್‌ಪಿ ಪರೀಕ್ಷೆಗೆ ಸೀಗಡಿಯನ್ನು 95 ಪ್ರತಿಶತ ಆಲ್ಕೋಹಾಲಿನಲ್ಲಿ ಮುಳುಗಿಸಿ ಕಳಿಸಿ. ಐಸಿನಲ್ಲಿ ಕೊಳೆತು ತಲುಪಿದ ಮಾದರಿಯಿಂದ ಏನೂ ತಿಳಿಯುವುದಿಲ್ಲ. ಸಲಹೆಗೆ ಬೀದರಿನಲ್ಲೇ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಅದರ ಮೀನುಗಾರಿಕೆ ಕಾಲೇಜು ಮಾತ್ರ ದೂರದ ಮಂಗಳೂರಿನಲ್ಲಿ. ಸೀಗಡಿ ಫೀಡಿನ ವಿಚಾರಕ್ಕೆ ಚೆನ್ನೈನ ಸಿಬಾ (ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ) ಇದೆ. ಇಲ್ಲೇ ಸಿಗುವ ಪದಾರ್ಥಗಳಿಂದ ವನ್ನಾಮಿ ಫೀಡ್ ಮಾಡಿದವರು ಅವರು.

ಪ್ರತಿ ಸಲ ಫೀಡ್ ಮಾಡಿದಾಗ, ಇಲ್ಲವೇ ಹೊಸ ಲಾಟ್ ಬಂದಾಗ, ಅರ್ಧ ಕೆಜಿ ತೆಗೆದು ಗಾಳಿಯಾಡದ ಡಬ್ಬಿಯಲ್ಲಿ ತಾರೀಕು ಬರೆದು ಇಡಿ. ಬೆಳೆ ಹಿಡಿಯುವವರೆಗೂ ಇರಲಿ. ತೊಂದರೆ ಕಂಡ ದಿನ ಶೆಡ್ಡಿನಲ್ಲಿ ಇರುವುದು ಸಾಮಾನ್ಯವಾಗಿ ಬೇರೆ ಲಾಟಿನ ಚೀಲ. ತಪ್ಪು ಮಾಡಿದ ಫೀಡ್ ಆಗಲೇ ಹೊಂಡ ಸೇರಿರುತ್ತದೆ.